ಮೊದಲು ಹೊಗೆಗೆ ದಾರಿ, ಆಮೇಲೆ ಸೈಡ್‌ಕಾರ್

ಪ್ರೀತಿಯ ಜಾವಾ, ಯೆಜ್ಡಿ ಗೆಳೆಯರೇ,



ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ಬೈಕುಗಳ ದಿನ. ಅದು ಹತ್ತಿರ ಬಂತೆಂದರೆ ನನ್ನ ಶೆಡ್ಡಿನ ಮುಂದೆ ಗಾಡಿಗಳು ಸಾಲುಗಟ್ಟುತ್ತವೆ. ಮೊದಲೆಲ್ಲ ಟ್ಯಾಂಕಿಗೆ ಬಣ್ಣ, ರಿಮ್ಮಿಗೆ ಕ್ರೋಮ್, ಸೀಟಿಗೆ ಹೊಸ ಕವರ್ ಎಂದು ಬರುತ್ತಿದ್ದವರು ಈಗ ಸೈಡ್‌ಕಾರ್ ಕಟ್ಟಿಕೊಡಿ ಎನ್ನುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು, ಹಿಂದೆ ಕೂರಲಾಗುವುದಿಲ್ಲ ಎನ್ನುವವರಿದ್ದಾರೆ. ಮಗಳನ್ನೂ ನಾಯಿಯನ್ನೂ ಒಟ್ಟಿಗೆ ಸುತ್ತಾಡಿಸಬೇಕು ಎನ್ನುವವರಿದ್ದಾರೆ. ‘ಶೋಲೆ’ ಸಿನಿಮಾ ನೋಡಿ ತಲೆ ಕೆಡಿಸಿಕೊಂಡವರೂ ಇದ್ದಾರೆ. ಕಾರಣ ಯಾವುದಾದರೂ ಆಗಲಿ, ನನ್ನ ತಕರಾರಿಲ್ಲ. ತಕರಾರಿರುವುದು ಕೆಲಸದ ಕ್ರಮದ ಬಗ್ಗೆ. ಬಾಡಿಯ ಆಕಾರ, ಬಣ್ಣ, ಸೀಟಿನ ರೆಕ್ಸಿನ್, ಮುಂದೆ ನಿಲ್ಲಿಸುವ ಪುಟ್ಟ ಗ್ಲಾಸು ಎಲ್ಲ ತೀರ್ಮಾನವಾಗಿ, ಕಟ್ಟಕಡೆಗೆ ಕ್ಲಾಂಪು ಬಿಗಿಯುವ ಹೊತ್ತಿಗೆ, ಎಡಗಡೆಯ ಸೈಲೆನ್ಸರ್ ಅಡ್ಡ ಬರುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಆಗ ಹ್ಯಾಕ್ಸಾ ಹೊರಬರುತ್ತದೆ. ಪೈಪನ್ನು ಕತ್ತರಿಸಿ, ಜಾಗ ಸಿಕ್ಕ ಕಡೆಗೆ ತಿರುಗಿಸಿ, ಎರಡು ಕಡೆ ವೆಲ್ಡಿಂಗ್ ಹಾಕಿ, ಮೇಲೆ ಸಿಲ್ವರ್ ಪೇಂಟ್ ಹೊಡೆದು ಕಳಿಸುತ್ತಾರೆ. ಆ ಪೈಪಿನ ಬಾಯಿ ಈಗ ಎಲ್ಲಿದೆ ಎಂದು ಬಗ್ಗಿ ನೋಡಿದರೆ, ಅಮ್ಮ ಕೂರುವ ಸೀಟಿನ ಕೆಳಗಿದೆ.

ಗಾಡಿ ಓಡಿಸುವವರಿಗೆ ಇದು ತಿಳಿಯುವುದೇ ಇಲ್ಲ. ಅವರ ಮುಖಕ್ಕೆ ಎದುರುಗಾಳಿ ಹೊಡೆಯುತ್ತಿರುತ್ತದೆ, ಹೊಗೆ ಹಿಂದೆ ಉಳಿದುಬಿಡುತ್ತದೆ. ಸೈಡ್‌ಕಾರಿನಲ್ಲಿ ಕೂತವರ ಪಾಡು ಬೇರೆ. ಅವರು ನೆಲಕ್ಕೆ ಹತ್ತಿರ, ಸುತ್ತ ತಗಡಿನ ಗೋಡೆ, ಮಳೆ ಬಂದರೆ ಮೇಲೊಂದು ಹುಡ್. ಓಡುವ ಯಾವ ಡಬ್ಬಿಯ ಬೆನ್ನಿಗೂ ಗಾಳಿಯ ಒತ್ತಡ ಕಡಿಮೆಯಾಗಿ ಅಲ್ಲೊಂದು ಸುಳಿ ಏಳುತ್ತದೆ. ಅದರ ಹತ್ತಿರ ಬಿಟ್ಟ ಹೊಗೆ ಹಿಂದಕ್ಕೆ ಹೋಗುವ ಬದಲು ಸುಳಿಗೆ ಸಿಕ್ಕಿ ಸೀಟಿನ ಕಡೆಗೇ ತಿರುಗಿ ಬರುತ್ತದೆ. ಹಿಂಬಾಗಿಲು ತೆರೆದುಕೊಂಡು ಓಡುವ ವ್ಯಾನಿನೊಳಗೆ ದೂಳು ತುಂಬಿಕೊಳ್ಳುವುದೂ ಇದೇ ಕಾರಣಕ್ಕೆ.

ಟೂ-ಸ್ಟ್ರೋಕ್ ಹೊಗೆ ವಾಸನೆ ಬರುತ್ತದೆ, ನೀಲಿಯಾಗಿ ಕಾಣುತ್ತದೆ, ಗೊತ್ತಾಗದೆ ಇದ್ದೀತೇ ಎಂದು ನೀವು ಕೇಳಬಹುದು. ಗೊತ್ತಾಗುವುದು ಎಣ್ಣೆ ಮಾತ್ರ. ಅದರ ಜೊತೆಗೇ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಿಗಿಯಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಓಕರಿಕೆ, ಮಂಪರು. ಸೈಡ್‌ಕಾರಿನ ಕುಲುಕಾಟಕ್ಕೆ ಮಗು ಹಾಯಾಗಿ ನಿದ್ದೆ ಹೋಯಿತು ಎಂದು ಹೇಳಿಕೊಂಡವರನ್ನು ಕಂಡಿದ್ದೇನೆ. ನಿದ್ದೆ ಯಾವುದು, ಮಂಪರು ಯಾವುದು ಎಂದು ಬೈಕಿನ ಸೀಟಿನ ಮೇಲಿಂದ ತಿಳಿಯುವುದಿಲ್ಲ. ಅದಕ್ಕೇ ಈ ಪತ್ರ. ಹೊಗೆ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಸೈಡ್‌ಕಾರ್ ಎಲ್ಲಿ ಕೂರಬೇಕು ಎನ್ನುವುದು ಆಮೇಲೆ.

ಈ ತೊಂದರೆ ಹೆಚ್ಚಾಗಿ ನಮ್ಮ ಗಾಡಿಗಳಿಗೇ ಬಂದಿರುವುದಕ್ಕೆ ಒಂದು ಹಿನ್ನೆಲೆಯಿದೆ. ಜಾವಾದ ತವರು ಅಂದಿನ ಚೆಕೊಸ್ಲೊವಾಕಿಯಾ. ಅಲ್ಲಿ ವಾಹನಗಳ ಓಡಾಟ ರಸ್ತೆಯ ಬಲಕ್ಕೆ, ಸೈಡ್‌ಕಾರ್ ಕೂರುವುದೂ ಬಲಕ್ಕೆ. ವೆಲೊರೆಕ್ಸ್ ಹೆಸರಿನ ಸೈಡ್‌ಕಾರುಗಳು ಜಾವಾ 350ರ ಬಲಗಡೆ ಕೂತು ಆ ದೇಶವನ್ನೆಲ್ಲ ಸುತ್ತಿದವು. 1961ರಲ್ಲಿ ನಮ್ಮ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರತೊಡಗಿದ ಗಾಡಿಯ ಎಂಜಿನ್ನೂ ಅದೇ ತಳಿಯದು. ನಮ್ಮಲ್ಲಿ ಓಡಾಟ ಎಡಕ್ಕೆ, ಆದ್ದರಿಂದ ಸೈಡ್‌ಕಾರೂ ಎಡಕ್ಕೆ ಬರಬೇಕು. ಜಾವಾದಲ್ಲಿ ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಲಿವರ್, ಅದಿರುವುದು ಎಡಗಡೆಯಲ್ಲಿ. ಸಾಲದ್ದಕ್ಕೆ ಒಂದೇ ಸಿಲಿಂಡರಿಗೆ ಎರಡು ಎಕ್ಸಾಸ್ಟ್ ಪೋರ್ಟು, ಎರಡು ಬೆಂಡ್ ಪೈಪು, ಎರಡು ಸೈಲೆನ್ಸರು, ಎರಡೂ ಮಗ್ಗುಲಿಗೆ ಒಂದೊಂದು. ಹೀಗಾಗಿ ಎಡಗಡೆ ಇರುವ ಗೇಣಗಲ ಜಾಗದಲ್ಲಿ ಕಾಲು ಒದೆಯಬೇಕು, ಗೇರ್ ಬದಲಾಯಿಸಬೇಕು, ಸೈಲೆನ್ಸರ್ ಹಾಯಬೇಕು, ಸೈಡ್‌ಕಾರಿನ ಕೆಳಗಿನ ಎರಡು ಕ್ಲಾಂಪುಗಳೂ ಅಲ್ಲೇ ಕೂರಬೇಕು.

ಬುಲೆಟ್ ಇಟ್ಟುಕೊಂಡವರು ಈ ವಿಷಯದಲ್ಲಿ ಪುಣ್ಯವಂತರು. ಅವರ ಸೈಲೆನ್ಸರ್ ಬಲಕ್ಕೆ, ಕಿಕ್ಕರ್ ಬಲಕ್ಕೆ. ಹಳೆಯ ಬುಲೆಟ್ಟಿನಲ್ಲಿ ಗೇರೂ ಬಲಕ್ಕೇ ಇದೆ, ಎಡಗಡೆ ಬ್ರೇಕ್ ಪೆಡಲ್ ಆಡುವಷ್ಟು ಜಾಗ ಬಿಟ್ಟರೆ ಮುಗಿಯಿತು. ಅದೇ ಬುಲೆಟ್ ಜರ್ಮನಿಗೋ ಅಮೆರಿಕಕ್ಕೋ ಹೋದರೆ ಸೈಡ್‌ಕಾರ್ ಬಲಕ್ಕೆ ಬಂದು ಸೈಲೆನ್ಸರಿಗೆ ಡಿಕ್ಕಿ ಹೊಡೆಯುತ್ತದೆ, ಆಗ ಅಲ್ಲಿನವರಿಗೂ ನಮ್ಮದೇ ಗೋಳು. ‘ಶೋಲೆ’ಯ ಹಾಡಿನಲ್ಲಿ ಜೈ, ವೀರೂ ಸವಾರಿ ಮಾಡುವ ಗಾಡಿಯೂ ಬಲಗಡೆ ಸೈಲೆನ್ಸರ್ ಇರುವ ಬಿಎಸ್ಎ. ನಂಬರು ಎಂವೈಬಿ 3047, ಅಂದರೆ ಹಳೆಯ ಮೈಸೂರು ರಾಜ್ಯದ ನೋಂದಣಿ. ಸೈಡ್‌ಕಾರ್ ಕಳಚಿಕೊಂಡು ತನ್ನಷ್ಟಕ್ಕೆ ಓಡಿ ಮತ್ತೆ ಬಂದು ಕೂಡಿಕೊಳ್ಳುವುದು ಆ ಹಾಡಿನಲ್ಲಿ ಮಾತ್ರ ನಡೆಯುವ ಸಂಗತಿ. ನಿಮ್ಮ ಗಾಡಿಯದು ಕಳಚಿಕೊಂಡರೆ ಮರಳಿ ಬರುವುದಿಲ್ಲ.

ಈಗ ಎಡಗಡೆಯ ಸೈಲೆನ್ಸರನ್ನು ಏನು ಮಾಡಬೇಕು ಎಂಬ ಮಾತಿಗೆ ಬರೋಣ. ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಎಡ ಪೋರ್ಟಿಗೆ ಒಂದು ಪ್ಲೇಟ್ ಮುಚ್ಚಿ ಬಲಗಡೆಯ ಒಂದೇ ಸೈಲೆನ್ಸರಿನಲ್ಲಿ ಕೆಲಸ ಸಾಗಿಸುವುದು. ದಯವಿಟ್ಟು ಅದನ್ನು ಮಾಡಬೇಡಿ. ಸುಟ್ಟ ಗಾಳಿ ಹೊರಹೋಗಲು ಇರುವ ದಾರಿ ಅರ್ಧಕ್ಕೆ ಇಳಿಯುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹಳೆಯ ಗಾಳಿ ಹೋಗುವುದೂ ಹೊಸ ಪೆಟ್ರೋಲ್ ಗಾಳಿ ಒಳಬರುವುದೂ ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ. ಹಳೆಯದು ಹೋಗದಿದ್ದರೆ ಹೊಸದಕ್ಕೆ ಜಾಗವಿಲ್ಲ. ಮೇಲೆ ಸೈಡ್‌ಕಾರಿನ ಭಾರ ಬೇರೆ. ಚಾಮುಂಡಿ ಬೆಟ್ಟದ ರಸ್ತೆ ಅರ್ಧ ಹತ್ತುವುದರೊಳಗೆ ಎಂಜಿನ್ ಸೀಜ್ ಆಗಿ ನಿಂತರೆ ಅದಕ್ಕೆ ಬೆಟ್ಟ ಹೊಣೆಯಲ್ಲ.

ಎರಡನೆಯ ಉಪಾಯ, ಎಡಗಡೆಯ ಪೈಪನ್ನು ಮೇಲಕ್ಕೆತ್ತಿ ತೊಡೆಯ ಎತ್ತರದಲ್ಲಿ ಹಾಯಿಸುವುದು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಅದು ಸೈಡ್‌ಕಾರಿನಲ್ಲಿ ಕೂತವರ ಬಲಗಿವಿಗೂ ಬಲಗೆನ್ನೆಗೂ ನೇರ ಬರುವ ಜಾಗ. ಶಬ್ದವೂ ಅಲ್ಲಿಗೇ, ಕಾವೂ ಅಲ್ಲಿಗೇ. ಒಂಟಿಯಾಗಿ ಓಡಿಸುವವರಿಗೆ ಒಪ್ಪುವ ಪೈಪು ಇದು.

ಮೂರನೆಯದು, ಎಡ ಪೈಪನ್ನು ಎಂಜಿನ್ನಿನ ಕೆಳಗಿನಿಂದ ಬಲಕ್ಕೆ ದಾಟಿಸಿ ಎರಡನ್ನೂ ಒಂದೇ ಸೈಲೆನ್ಸರಿಗೆ ಕೂಡಿಸುವುದು. ಇದನ್ನು ಮಾಡಬಹುದು, ಆದರೆ ಲೆಕ್ಕ ಹಾಕಿ ಮಾಡಬೇಕು. ಎರಡು ಸಿಲಿಂಡರಿನ ಯೆಜ್ಡಿ 350ರಲ್ಲಿ ಒಂದಾದ ಮೇಲೊಂದು ಸಿಲಿಂಡರ್ ಹೊಗೆ ಬಿಡುತ್ತದೆ, ಕೂಡಿಸಿದ ಪೈಪಿಗೆ ಉಸಿರಾಡಲು ಬಿಡುವಿರುತ್ತದೆ. ನಮ್ಮ ಜಾವಾ 250ರಲ್ಲಿ ಎರಡು ಪೋರ್ಟುಗಳನ್ನೂ ತೆರೆಯುವುದು ಒಂದೇ ಪಿಸ್ಟನ್, ಎರಡೂ ಒಂದೇ ಗಳಿಗೆಯಲ್ಲಿ ತೆರೆದುಕೊಳ್ಳುತ್ತವೆ. ಎರಡು ಪೈಪಿನ ಪೂರ್ತಿ ಹೊಗೆ ಒಮ್ಮೆಗೇ ಬಂದು ಕೂಡುವ ಜಾಗದಲ್ಲಿ ನುಗ್ಗುತ್ತದೆ. ಕೂಡಿದ ಮೇಲಿನ ಪೈಪಿನ ಬಾಯಿ ಎರಡೂ ಪೈಪುಗಳ ಬಾಯಿಯನ್ನು ಸೇರಿಸಿದಷ್ಟು ದೊಡ್ಡದಿರಬೇಕು. ಪೋರ್ಟಿನಿಂದ ಆ ಕೂಡುವ ಜಾಗದವರೆಗೆ ಎರಡರ ಉದ್ದವೂ ಒಂದೇ ಇರಬೇಕು. ಎಡದ್ದು ಸುತ್ತಿಕೊಂಡು ಬರುವುದರಿಂದ ಅದು ತಾನಾಗಿಯೇ ಉದ್ದವಾಗುತ್ತದೆ, ಹಾಗಾಗಿ ಬಲದ್ದನ್ನೂ ಅಷ್ಟೇ ಬಳಸಿ ತರಬೇಕಾಗುತ್ತದೆ.

ಉದ್ದದ ಮಾತು ಬಂದಾಗ ಕೆಲವರು ನಗುತ್ತಾರೆ, ನಾಲ್ಕು ಬೆರಳು ಹೆಚ್ಚಾದರೆ ಏನು ಮಹಾ ಎಂದು. ಲೆಕ್ಕ ಹೀಗಿದೆ. ಪೋರ್ಟ್ ತೆರೆದ ಕೂಡಲೇ ಒತ್ತಡದ ಒಂದು ಅಲೆ ಪೈಪಿನೊಳಗೆ ಓಡುತ್ತದೆ. ಸೈಲೆನ್ಸರಿನ ಹಿಗ್ಗಿದ ಭಾಗಕ್ಕೆ ಬಡಿದು ಅದರ ಪಾಲೊಂದು ಹಿಂದಿರುಗುತ್ತದೆ. ಅದು ಸರಿಯಾದ ಗಳಿಗೆಗೆ ಬಂದರೆ ಸಿಲಿಂಡರ್ ಖಾಲಿಯಾಗಲು ಸಹಾಯವಾಗುತ್ತದೆ, ತಪ್ಪಿ ಬಂದರೆ ಅಡ್ಡಿ. ಬಿಸಿ ಹೊಗೆಯಲ್ಲಿ ಆ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಪೈಪನ್ನು 15 ಸೆಂಟಿಮೀಟರ್ ಉದ್ದ ಮಾಡಿದಿರಿ ಎಂದಿಟ್ಟುಕೊಳ್ಳಿ. ಹೋಗಿ ಬರುವ ದಾರಿ 30 ಸೆಂಟಿಮೀಟರ್ ಹೆಚ್ಚಾಯಿತು, ಸಾವಿರದ ಒಂದು ಪಾಲು ಸೆಕೆಂಡಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹೊತ್ತು ತಡ. ಎಂಜಿನ್ 5000 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಅಷ್ಟರಲ್ಲಿ ಕ್ರ್ಯಾಂಕ್ 18 ಡಿಗ್ರಿ ಮುಂದೆ ಹೋಗಿರುತ್ತದೆ. ಪ್ಲಗ್ಗಿನ ಟೈಮಿಂಗ್ ಎರಡು ಡಿಗ್ರಿ ಅತ್ತಿತ್ತಾದರೆ ರಂಪ ಮಾಡುವ ನಾವು ಈ 18 ಡಿಗ್ರಿಯನ್ನು ಉಡಾಫೆ ಮಾಡುತ್ತೇವೆ.

ನನ್ನ ಮತ ಇಷ್ಟು. ಬೆಂಡ್ ಪೈಪನ್ನೂ ಸೈಲೆನ್ಸರನ್ನೂ ಕಾರ್ಖಾನೆ ಕೊಟ್ಟ ಹಾಗೇ ಬಿಡಿ. ಸೈಡ್‌ಕಾರಿನ ಚಾಸಿ ಮಾಡುವಾಗಲೇ ಅವು ಹಾಯಲು ಜಾಗ ಬಿಟ್ಟು ಮಾಡಿಸಿ. ಕೆಳಗಿನ ತೋಳುಗಳು ಸೈಲೆನ್ಸರಿನ ಅಡಿಯಿಂದ ಬರಲಿ, ಮೇಲಿನವು ಅದರ ಮೇಲಿಂದ ಹೋಗಲಿ, ಸೈಡ್‌ಕಾರ್ ಅಂಗೈ ಅಗಲದಷ್ಟು ಆಚೆಗೆ ಕೂತರೂ ಪರವಾಗಿಲ್ಲ. ಸೈಡ್ ಸ್ಟ್ಯಾಂಡಿಗೆ ಇನ್ನು ಕೆಲಸವಿಲ್ಲ, ಬಿಚ್ಚಿಟ್ಟರೆ ಸ್ವಲ್ಪ ಜಾಗ ಸಿಗುತ್ತದೆ. ಬದಲಾವಣೆ ಮಾಡುವುದಿದ್ದರೆ ಎಡ ಸೈಲೆನ್ಸರಿನ ಬಾಲದಿಂದ ಆಚೆಗೆ ಮಾತ್ರ. ಸೈಲೆನ್ಸರಿನೊಳಗೆ ಶಬ್ದ ತಗ್ಗಿಸುವ ಬ್ಯಾಫಲ್ ದಾಟಿ ಬಂದ ಹೊಗೆಗೆ ಅಲ್ಲಿ ಅಬ್ಬರ ಕಡಿಮೆಯಾಗಿರುತ್ತದೆ, ಪೈಪು ಸೇರಿಸಿದರೆ ಎಂಜಿನ್ನಿಗೆ ಬೀಳುವ ಪೆಟ್ಟೂ ಕಡಿಮೆ. ಸೈಲೆನ್ಸರಿನ ಬಾಯಿಗಿಂತ ಕಿರಿದಲ್ಲದ ಒಂದು ಪೈಪನ್ನು ಸೇರಿಸಿ ಅದನ್ನು ಹಿಂದಿನ ಟೈರಿನ ಬೆನ್ನಿನಿಂದ ಬಲಕ್ಕೆ ದಾಟಿಸಿ. ಅಷ್ಟು ಆಗದಿದ್ದರೆ ಸೈಡ್‌ಕಾರಿನ ಬಾಡಿ ಮುಗಿದ ಮೇಲೂ ಮುಂದುವರಿದು ಬಾಯಿ ತೆರೆಯುವ ಹಾಗೆ ಮಾಡಿ. ಬಾಡಿಯ ಅಡಿಯಲ್ಲಿ, ಚಕ್ರದ ಎದುರಿನಲ್ಲಿ, ಹುಡ್ಡಿನ ಕಿಟಕಿಯ ಕೆಳಗೆ ಅದರ ಬಾಯಿ ಬರಲೇಕೂಡದು. ಇನ್ನೊಂದು ಮಾತು, ಹೀಗೆ ಸೇರಿಸಿದ ಪೈಪನ್ನು ಸೈಲೆನ್ಸರಿಗೆ ವೆಲ್ಡ್ ಮಾಡಿಬಿಡಬೇಡಿ, ಕ್ಲಾಂಪ್ ಹಾಕಿ. ಬ್ಯಾಫಲ್ ಹೊರಗೆಳೆದು ಕಿಟ್ಟ ಕೆರೆಯುವ ಕೆಲಸ ಇದ್ದೇ ಇರುತ್ತದೆ. ಪ್ರತಿಸಲ ಅದಕ್ಕಾಗಿ ಸೈಡ್‌ಕಾರ್ ಬಿಚ್ಚಬೇಕಾಗಿ ಬಂದರೆ ನೀವು ಕೆರೆಯುವುದನ್ನೇ ನಿಲ್ಲಿಸುತ್ತೀರಿ.

ಪೈಪು ಬಗ್ಗಿಸುವವರು ಸಿಗುತ್ತಾರೆ, ಬಗ್ಗಿಸುವ ರೀತಿಯನ್ನು ನೀವು ನಿಂತು ನೋಡಿ. ಖಾಲಿ ಪೈಪನ್ನು ಕಾಯಿಸಿ ಬಗ್ಗಿಸಿದರೆ ಒಳಮೈ ಸುಕ್ಕಾಗಿ ದಾರಿ ಕಟ್ಟುತ್ತದೆ. ಅದಕ್ಕೇ ಒಳಗೆ ಮರಳು ತುಂಬಿ, ತಟ್ಟಿ ತಟ್ಟಿ ಕೂರಿಸಿ, ಎರಡು ಕಡೆ ಮರದ ಬೆಣೆ ಬಡಿದು ಬಗ್ಗಿಸುವುದು. ಆ ಮರಳನ್ನು ಮೊದಲು ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಿರಬೇಕು. ಹಸಿ ಉಳಿದರೆ ಗ್ಯಾಸಿನ ಉರಿಗೆ ನೀರು ಆವಿಯಾಗಿ ಬೆಣೆ ಗುಂಡಿನ ವೇಗದಲ್ಲಿ ಹಾರುತ್ತದೆ. ಬೆಣೆಯ ಎದುರಿಗೆ ಯಾರೂ ನಿಲ್ಲಬಾರದು. ತಿರುವು ಆದಷ್ಟು ದೊಡ್ಡದಿರಲಿ, ಪೈಪಿನ ವ್ಯಾಸದ ಎರಡೂವರೆ, ಮೂರು ಪಟ್ಟು ತ್ರಿಜ್ಯ ಇದ್ದರೆ ಹೊಗೆ ಸಲೀಸಾಗಿ ಹರಿಯುತ್ತದೆ. ಮರಳನ್ನು ಆಮೇಲೆ ಒಂದು ಕಾಳೂ ಉಳಿಯದ ಹಾಗೆ ಕೊಡವಿ ತೆಗೆಯಬೇಕು ಎಂದು ಬೇರೆ ಹೇಳಬೇಕಿಲ್ಲ.

ಹಣ ಉಳಿಸಲು ನೀರಿನ ಜಿಐ ಪೈಪು ತಂದುಕೊಡುವವರಿದ್ದಾರೆ. ನಾನು ಅದನ್ನು ವಾಪಸು ಕಳಿಸುತ್ತೇನೆ. ಅದರ ಮೇಲಿನ ಸತು ಕಾದರೆ ಏಳುವ ಬಿಳಿ ಹೊಗೆ ವೆಲ್ಡರಿಗೆ ಅದೇ ರಾತ್ರಿ ಚಳಿಜ್ವರ ತರುತ್ತದೆ. ಕ್ರೋಮ್ ಇರುವ ಪೈಪಿನ ಮೇಲೆ ನೇರವಾಗಿ ವೆಲ್ಡಿಂಗ್ ಮಾಡುವುದು ಅದಕ್ಕಿಂತ ಕೆಟ್ಟದ್ದು, ಆ ಹೊಗೆ ಶ್ವಾಸಕೋಶಕ್ಕೆ ವಿಷ. ಕೂಡಿಸುವ ಜಾಗದ ಕ್ರೋಮನ್ನು ಮೊದಲು ತೆಗೆದು, ಮುಖಕ್ಕೆ ತಕ್ಕ ಮಾಸ್ಕ್ ಹಾಕಿಕೊಂಡು, ಗಾಳಿಯಾಡುವ ಕಡೆ ಕೆಲಸ ಮಾಡಬೇಕು. ನಿಮ್ಮ ಗಾಡಿಗೆ ದುಡಿಯುವ ಹುಡುಗ ಮಾಸ್ಕಿಲ್ಲದೆ ಕೂತಿದ್ದರೆ ಒಂದು ಮಾತು ಕೇಳಿ, ಅದಕ್ಕೆ ನಿಮಗೆ ಏನೂ ಖರ್ಚಿಲ್ಲ. ಕಾವು ತಡೆಯಲೆಂದು ಪೈಪಿಗೆ ಆಸ್ಬೆಸ್ಟಾಸ್ ಹಗ್ಗ ಸುತ್ತುವ ಹಳೆಯ ರೂಢಿಯನ್ನೂ ಬಿಡಿ. ಅದು ಪುಡಿಯಾಗಿ ಉದುರಿ ಗಾಳಿಗೆ ಸೇರುವುದು ಸೈಡ್‌ಕಾರಿನ ಪಕ್ಕದಲ್ಲಿ. ಪೈಪಿಗೂ ಬಾಡಿಗೂ ನಡುವೆ ಒಂದು ತಗಡು ನಿಲ್ಲಿಸಿ, ತಗಡಿಗೂ ಪೈಪಿಗೂ ಬೆರಳು ತೂರುವಷ್ಟು ಸಂದು ಬಿಟ್ಟರೆ ಅದರಲ್ಲಿ ಹಾಯುವ ಗಾಳಿಯೇ ಕಾವನ್ನು ಒಯ್ಯುತ್ತದೆ. ಬಾಡಿ ಫೈಬರಿನದಾದರೆ ಈ ತಗಡು ಬೇಕೇ ಬೇಕು.

ಪೈಪನ್ನು ಎಲ್ಲಿಗೆ ತೂಗುಹಾಕುತ್ತೀರಿ ಎನ್ನುವುದರಲ್ಲೂ ಒಂದು ಸೂಕ್ಷ್ಮವಿದೆ. ಓಡುವಾಗ ಬೈಕು ಒಂದು ರೀತಿ ಅಲುಗುತ್ತದೆ, ಸೈಡ್‌ಕಾರ್ ಇನ್ನೊಂದು ರೀತಿ. ಪೈಪಿನ ಒಂದು ತುದಿ ಬೈಕಿಗೂ ಇನ್ನೊಂದು ಸೈಡ್‌ಕಾರಿನ ಚಾಸಿಗೂ ಬಿಗಿದಿದ್ದರೆ ಎಲ್ಲ ಎಳೆದಾಟವೂ ಪೈಪಿನ ಮೇಲೆ ಬಂದು, ಮೊದಲು ಪೋರ್ಟಿನ ನಟ್ಟು ಸಡಿಲವಾಗುತ್ತದೆ, ಆಮೇಲೆ ವೆಲ್ಡಿಂಗ್ ಬಿರಿಯುತ್ತದೆ. ಎಕ್ಸಾಸ್ಟಿಗೆ ಸೇರಿದ್ದೆಲ್ಲ ಬೈಕಿಗೇ ತೂಗಲಿ, ನಡುವೆ ರಬ್ಬರ್ ಬುಷ್ ಇರಲಿ. ಕಬ್ಬಿಣದ ಒಂದು ಮೀಟರ್ ಪೈಪು 400 ಡಿಗ್ರಿ ಕಾದರೆ ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ. ಆ 5 ಮಿಲಿಮೀಟರಿಗೆ ದಾರಿ ಬೇಕು.

ಎಕ್ಸಾಸ್ಟ್ ಮುಟ್ಟಿದ ಮೇಲೆ ಕಾರ್ಬುರೇಟರ್ ನೋಡದೆ ಗಾಡಿ ಕೊಂಡೊಯ್ಯಬೇಡಿ. ಹೊಗೆಯ ದಾರಿ ಬದಲಾದರೆ ಪೆಟ್ರೋಲ್–ಗಾಳಿಯ ಹದವೂ ಬದಲಾಗುತ್ತದೆ. ಒಂದಿಷ್ಟು ದೂರ ಭಾರ ಹೇರಿ ಓಡಿಸಿ, ಪ್ಲಗ್ ಬಿಚ್ಚಿ ನೋಡಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಪಿಸ್ಟನ್ ಹಿಡಿದುಕೊಳ್ಳುವ ಸೂಚನೆ. ಕರ್ರಗೆ ಜಿಡ್ಡಾಗಿದ್ದರೆ ಹೆಚ್ಚಾಯಿತು. ಕಾಫಿಪುಡಿಯ ಕಂದು ಬಣ್ಣ ಬರುವವರೆಗೆ ಜೆಟ್ ಬದಲಿಸಿ. ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದೆರಡು ಹಲ್ಲು ಕಡಿಮೆ ಇರುವುದನ್ನು ಹಾಕಿಸಿದರೆ ಎಂಜಿನ್ ನರಳುವುದಿಲ್ಲ. ಜಾವಾ 250ರ ಶಕ್ತಿಯೇ 12 ಎಚ್‌ಪಿ ಆಸುಪಾಸು, ಅದರಿಂದ ಸೈಡ್‌ಕಾರ್ ಎಳೆಸಿ ಎಂಬತ್ತರ ವೇಗ ಕೇಳುವುದು ನ್ಯಾಯವಲ್ಲ.

ಈಚಿನ ಗಾಡಿಯವರಿಗೆ ಎರಡೇ ಮಾತು. 2018ರಲ್ಲಿ ಮರಳಿ ಬಂದ ಹೊಸ ಜಾವಾಕ್ಕೂ, ಬುಲೆಟ್ ಕಂಪನಿಯ 650 ಸಿಸಿ ಗಾಡಿಗಳಿಗೂ ಎರಡು ಕಡೆ ಸೈಲೆನ್ಸರಿದೆ. ಬಿಎಸ್-6 ಹೊಗೆ ನಿಯಮ ಬಂದ ಮೇಲಿನ ಎಕ್ಸಾಸ್ಟಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ, ಪೈಪಿನ ಮೇಲೆ ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಆ ಎಕ್ಸಾಸ್ಟನ್ನು ಕತ್ತರಿಸಲು ನನ್ನ ಹತ್ತಿರ ಬರಬೇಡಿ, ಬೇರೆ ಯಾರ ಹತ್ತಿರವೂ ಹೋಗಬೇಡಿ.

ಪೈಪಿನ ಮಾತು ಮುಗಿಯಿತು, ಇನ್ನು ಸೈಡ್‌ಕಾರನ್ನು ಬೈಕಿಗೆ ಕೂಡಿಸುವ ಕೆಲಸ. ಅದಕ್ಕೆ ನಾಲ್ಕು ಕಡೆ ಹಿಡಿತ ಬೇಕು, ಕೆಳಗೆರಡು, ಮೇಲೆರಡು. ಮೂರರಲ್ಲಿ ನಿಲ್ಲುತ್ತದೆ ಎಂದು ಯಾರಾದರೂ ಅಂದರೆ ನಂಬಬೇಡಿ. ಚಾಸಿಯ ಪೈಪು ಚೌಕವಾಗಿರುವ ಕಡೆ ದುಂಡನೆಯ ಕ್ಲಾಂಪು ಬಿಗಿಯುವವರನ್ನೂ ನೋಡಿದ್ದೇನೆ, ಅದು ಕಚ್ಚುವುದು ಅಂಚುಗಳನ್ನು ಮಾತ್ರ. ಸೈಡ್‌ಕಾರಿನ ಚಕ್ರದ ಅಚ್ಚು ಬೈಕಿನ ಹಿಂಚಕ್ರದ ಅಚ್ಚಿಗಿಂತ ಮುಂದಿರಬೇಕು, ಗೇಣಿನಷ್ಟು ಅಥವಾ ತುಸು ಹೆಚ್ಚು. ಚಕ್ರಗಳ ಪಕ್ಕಕ್ಕೆ ನೆಟ್ಟಗಿರುವ ಎರಡು ಅಲ್ಯೂಮಿನಿಯಂ ಚಾನೆಲ್ ಇಟ್ಟು ಅಳೆದರೆ, ಮುಂದಿನ ತುದಿಗಳ ನಡುವಿನ ಅಂತರ ಹಿಂದಿನದಕ್ಕಿಂತ ಹತ್ತರಿಂದ ಇಪ್ಪತ್ತು ಮಿಲಿಮೀಟರ್ ಕಡಿಮೆ ಬರಬೇಕು. ಬೈಕು ಸೈಡ್‌ಕಾರಿನಿಂದ ಆಚೆಗೆ, ಅಂದರೆ ಬಲಕ್ಕೆ, ಒಂದೆರಡು ಡಿಗ್ರಿ ವಾಲಿರಲಿ. ನಮ್ಮ ರಸ್ತೆಗಳು ಎಡ ಅಂಚಿಗೆ ಇಳಿಜಾರು, ಅಮ್ಮ ಕೂತರೆ ಸೈಡ್‌ಕಾರ್ ಇನ್ನಷ್ಟು ಕುಸಿಯುತ್ತದೆ, ಗಾಡಿ ಎಡಕ್ಕೇ ಎಳೆಯುತ್ತದೆ. ಈ ವಾಲು ಅದಕ್ಕೆ ಪ್ರತಿ. ಆದ್ದರಿಂದ ಖಾಲಿ ಗಾಡಿಯಲ್ಲಿ ಅಳತೆ ಮುಗಿಸದೆ, ಕೂರುವವರ ತೂಕದ ಮರಳು ಮೂಟೆ ಇಟ್ಟು ಇನ್ನೊಮ್ಮೆ ನೋಡಿ.

ಆ ಮೂಟೆಯನ್ನು ಹಾಗೇ ಇಟ್ಟುಕೊಂಡು ಖಾಲಿ ಮೈದಾನದಲ್ಲಿ ಓಡಿಸುವುದನ್ನು ಕಲಿಯಿರಿ. ಮೂವತ್ತು ವರ್ಷ ಬೈಕು ಓಡಿಸಿದವರಿಗೂ ಇದು ಹೊಸ ವಿದ್ಯೆ. ಆಕ್ಸಿಲರೇಟರ್ ಕೊಟ್ಟರೆ ಗಾಡಿ ಎಡಕ್ಕೆ ತಿರುಗುತ್ತದೆ, ಸೈಡ್‌ಕಾರಿಗೆ ಬ್ರೇಕಿಲ್ಲದಿದ್ದರೆ ಬ್ರೇಕ್ ಹಿಡಿದಾಗ ಬಲಕ್ಕೆ, ಅಂದರೆ ಎದುರಿನಿಂದ ಬರುವ ಬಸ್ಸಿನ ಕಡೆಗೆ. ಎಡ ತಿರುವಿನಲ್ಲಿ ವೇಗ ಹೆಚ್ಚಾದರೆ ಸೈಡ್‌ಕಾರಿನ ಚಕ್ರ ನೆಲ ಬಿಡುತ್ತದೆ. ಆಗ ಹೆದರಿ ಹ್ಯಾಂಡಲ್ ನೆಟ್ಟಗೆ ಮಾಡಿದರೆ ಮತ್ತೆ ಅದೇ ಬಸ್ಸಿನ ಕಡೆಗೆ. ತಿರುವಿಗೆ ಮೊದಲೇ ವೇಗ ಇಳಿಸುವುದು ಬಿಟ್ಟರೆ ಬೇರೆ ಮದ್ದಿಲ್ಲ.

ಕಾಗದಪತ್ರದ ವಿಚಾರ ಯಾರಿಗೂ ರುಚಿಸುವುದಿಲ್ಲ, ಆದರೂ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆ ಮೋಟಾರ್‌ಸೈಕಲ್ ಎಂದರೇನು ಎಂದು ಹೇಳುವಾಗಲೇ, ಬಿಚ್ಚಿ ಹಾಕಬಹುದಾದ, ಒಂದು ಹೆಚ್ಚುವರಿ ಚಕ್ರವಿರುವ ಸೈಡ್‌ಕಾರನ್ನೂ ಅದರಲ್ಲಿ ಸೇರಿಸಿದೆ. ಸೈಡ್‌ಕಾರ್ ಎಂದಾಕ್ಷಣ ಅಪರಾಧ ಅಲ್ಲ ಎನ್ನಲು ಇಷ್ಟು ಸಾಕು. ಆದರೆ ಅದೇ ಕಾಯ್ದೆಯ 52ನೇ ಸೆಕ್ಷನ್, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಸೇರಿತು. ಹಾಗಾಗಿ ಬಿಚ್ಚಲು ಬರುವಂತೆ ಬೋಲ್ಟಿನಲ್ಲೇ ಕೂಡಿಸಿ, ಚಾಸಿಗೆ ವೆಲ್ಡಿಂಗ್ ಮುಟ್ಟಿಸಬೇಡಿ, ಕೆಲಸ ಶುರು ಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಬರಹದಲ್ಲಿ ಕೇಳಿ ಉತ್ತರ ಪಡೆದುಕೊಳ್ಳಿ, ವಿಮೆಯವರಿಗೂ ತಿಳಿಸಿ. 1988ರ ಕಾಯ್ದೆಯಲ್ಲಿ ಸೈಡ್‌ಕಾರಿನಲ್ಲಿ ಕೂತವರಿಗೆ ಹೆಲ್ಮೆಟ್ಟಿನಿಂದ ವಿನಾಯಿತಿ ಇತ್ತು. 2019ರಲ್ಲಿ ಆ ಮಾತು ಹೋಯಿತು, ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಬೇಕು. ಅಮ್ಮನಿಗೂ ಒಂದು ಕೊಳ್ಳಿ.

ಎಲ್ಲ ಮುಗಿದ ಮೇಲೆ ಹೊಗೆಯನ್ನು ಪರೀಕ್ಷೆ ಮಾಡುವುದು ಸುಲಭ. ಗೇಣುದ್ದದ ಉಲ್ಲನ್ ದಾರದ ತುಂಡುಗಳನ್ನು ಸೈಡ್‌ಕಾರಿನ ಅಂಚಿಗೆಲ್ಲ ಟೇಪಿನಲ್ಲಿ ಅಂಟಿಸಿ, ನಲವತ್ತರ ವೇಗದಲ್ಲಿ ಓಡಿಸಿ, ಪಕ್ಕದ ಗಾಡಿಯಲ್ಲಿ ಹಿಂದೆ ಕೂತ ಗೆಳೆಯನಿಂದ ಮೊಬೈಲಿನಲ್ಲಿ ವಿಡಿಯೊ ತೆಗೆಸಿ. ಹಿಂದಿನ ಅಂಚಿನ ದಾರಗಳು ಮುಂದಕ್ಕೆ, ಸೀಟಿನ ಕಡೆಗೆ ಮುಖ ಮಾಡಿದ್ದರೆ ಗಾಳಿ ಒಳಗೆ ಎಳೆದುಕೊಳ್ಳುತ್ತಿದೆ ಎಂದೇ ಅರ್ಥ, ಪೈಪಿನ ಬಾಯಿಯನ್ನು ಅಲ್ಲಿಂದ ದೂರ ಒಯ್ಯಿರಿ. ಸೀಟಿನ ಬೆನ್ನಿಗೆ ಒಂದು ಬಿಳಿ ಬಟ್ಟೆ ಕಟ್ಟಿ ಒಂದು ಸುತ್ತು ಹೋಗಿ ಬನ್ನಿ. ಟೂ-ಸ್ಟ್ರೋಕ್ ಹೊಗೆ ಎಲ್ಲಿ ಮುಟ್ಟಿದರೂ ಎಣ್ಣೆಯ ಮಸಿ ಬಿಡುತ್ತದೆ, ಬಟ್ಟೆ ಅದನ್ನು ಮುಚ್ಚಿಡುವುದಿಲ್ಲ. ಹುಡ್ ಹಾಕಿಯೂ ಒಮ್ಮೆ, ತೆಗೆದೂ ಒಮ್ಮೆ ನೋಡಿ.

ಆಮೇಲೆ ಒಂದು ಕೆಲಸ ಮಾಡಿ. ಹ್ಯಾಂಡಲ್ಲನ್ನು ಸೈಡ್‌ಕಾರ್ ಓಡಿಸಿ ಪಳಗಿದವರ ಕೈಗೆ ಕೊಟ್ಟು, ಅಮ್ಮನನ್ನೂ ಮಗುವನ್ನೂ ಕೂರಿಸುವ ಮೊದಲು ಆ ಸೀಟಿನಲ್ಲಿ ನೀವೇ ಕೂತು ಮೈಸೂರಿನಿಂದ ಶ್ರೀರಂಗಪಟ್ಟಣದವರೆಗೆ ಹೋಗಿ ಬನ್ನಿ. ಇಳಿದಾಗ ತಲೆ ಸಿಡಿಯುತ್ತಿದ್ದರೆ ಕೆಲಸ ಮಾಡಿದವರಿಗೆ ಉಳಿದ ಹಣ ಕೊಡಬೇಡಿ, ಗಾಡಿಯನ್ನು ಅವರ ಹತ್ತಿರವೇ ಬಿಟ್ಟು ಪೈಪು ಸರಿಮಾಡಿಸಿ. ಆ ಕೆಲಸ ಮಾಡಿದವನು ನಾನೇ ಆಗಿದ್ದರೂ ಅಷ್ಟೇ.

ಇಂತಿ ನಿಮ್ಮವ,
ಮೈಸೂರಿನಲ್ಲಿ ಪೈಪು ಬಗ್ಗಿಸುವವನು